ಕಳ್ಳಿಯ ಮೇಲೆ ಹೊಸ ಶಲ್ಕ ಕೀಟ ಕಂಡರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಳ್ಳಿಗೆ ಹತ್ತಿ ಅಂಟಿಸಿದಂತಿರುವ ಬಿಳಿ ಗಂಟುಗಳ ಫೋಟೊ ಕಳಿಸಿ ‘ಇದು ಹೊಸ ಕೀಟವೇ? ಹೆಸರಿಡುವುದು ಹೇಗೆ?’ ಎಂದು ಕೇಳುವವರು ಹೆಚ್ಚಾಗಿದ್ದಾರೆ. ಕೃಷಿ ಕಾಲೇಜಿನ ವಿದ್ಯಾರ್ಥಿಗಳು, ತಾರಸಿಯಲ್ಲಿ ಕಳ್ಳಿ ಬೆಳೆಸುವವರು, ಡ್ರ್ಯಾಗನ್ ಫ್ರೂಟ್ ಬೆಳೆಗಾರರು ಎಲ್ಲರೂ ಅವರಲ್ಲಿದ್ದಾರೆ. ಶಲ್ಕ ಕೀಟಗಳ ಸ್ಲೈಡ್ ಮಾಡುತ್ತಾ, ನೋಡುತ್ತಾ ಹಲವು ವರ್ಷ ಕಳೆದವನಾಗಿ ನನಗೆ ತಿಳಿದದ್ದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಶಲ್ಕ ಕೀಟ ಎಂದರೇನು? ಅದು ಹುಳುವಿನಂತೆ ಕಾಣುವುದೇ ಇಲ್ಲವಲ್ಲ?

ಕಾಣುವುದಿಲ್ಲ, ನಿಜ. ಬೆಳೆದ ಹೆಣ್ಣಿಗೆ ರೆಕ್ಕೆ ಇಲ್ಲ, ಕಾಲುಗಳು ಇದ್ದೂ ಇಲ್ಲದಂತೆ. ಸೂಜಿಯಂಥ ಬಾಯಿಯನ್ನು ಗಿಡದೊಳಗೆ ಚುಚ್ಚಿ ಒಂದೇ ಕಡೆ ಕೂತು ರಸ ಹೀರುತ್ತದೆ. ಮೈಯಿಂದ ಒಸರುವ ಮೇಣವನ್ನೇ ಹೊದ್ದುಕೊಳ್ಳುತ್ತದೆ. ಕೆಲವದರ ಹೊದಿಕೆ ಚಿಪ್ಪಿನಂತೆ, ಕೆಲವದರದು ಹಿಟ್ಟಿನಂತೆ, ಕೆಲವದರದು ಹತ್ತಿಯಂತೆ. ತೋಟದವರು ಹಿಟ್ಟು ತಿಗಣೆ ಎನ್ನುವುದೂ ಈ ಬಳಗದ್ದೇ.

ನಮಗೆ ಇವು ಹೊಸಬರಲ್ಲ. ಅರಗು ಕೊಡುವ ಕೆರಿಯಾ ಲಾಕಾ ಒಂದು ಶಲ್ಕ ಕೀಟ. ಚನ್ನಪಟ್ಟಣದ ಗೊಂಬೆಯ ಹೊಳಪು ಆ ಅರಗಿನದು. ಕಾಫಿ ಎಲೆಯ ಹಿಂಬದಿಯಲ್ಲಿ ಸಾಲಾಗಿ ಕೂರುವ ಹಸಿರು ಹುಳು ಕಾಕಸ್ ವಿರಿಡಿಸ್ ಕೂಡ ಶಲ್ಕ ಕೀಟವೇ. ಅದನ್ನು ಹತೋಟಿಗೆ ತರಲೆಂದು 1898ರಲ್ಲಿ ಆಸ್ಟ್ರೇಲಿಯಾ ಮೂಲದ ಕ್ರಿಪ್ಟೊಲೇಮಸ್ ಎಂಬ ಗುಲಗಂಜಿ ಹುಳುವನ್ನು ಭಾರತಕ್ಕೆ ತರಲಾಯಿತು.

ಕಳ್ಳಿಯ ಮೇಲಿನ ಬಿಳಿ ಹತ್ತಿಯನ್ನು ಒತ್ತಿದರೆ ರಕ್ತದಂಥ ಕೆಂಪು ಬರುತ್ತದೆ. ಇದೇನು?

ಅದು ಬಹುತೇಕ ಡ್ಯಾಕ್ಟಿಲೋಪಿಯಸ್ ಕುಲದ ಕೀಟ, ಅಂದರೆ ಕೊಚಿನಿಯಲ್ ಬಳಗ. ಆ ಕೆಂಪು ಕಾರ್ಮಿನಿಕ್ ಆಮ್ಲ. ಇರುವೆಗಳಂಥ ಶತ್ರುಗಳನ್ನು ದೂರವಿಡಲು ಕೀಟ ಇದನ್ನು ತಯಾರಿಸುತ್ತದೆ ಎಂದು 1980ರಲ್ಲಿ ಥಾಮಸ್ ಐಸ್ನರ್ ಮತ್ತು ಸಂಗಡಿಗರು ತೋರಿಸಿದರು. ಈ ಕೀಟವನ್ನೇ ತಿಂದು ಬದುಕುವ ಒಂದು ಪತಂಗದ ಮರಿ ಆ ಕೆಂಪನ್ನು ಹೊಟ್ಟೆಯಲ್ಲಿಟ್ಟುಕೊಂಡು, ತನ್ನ ಮೇಲೆ ಬೀಳುವ ಇರುವೆಗಳತ್ತ ಕಕ್ಕುತ್ತದೆ ಎಂಬುದೂ ಅದೇ ಅಧ್ಯಯನದಲ್ಲಿ ಗೊತ್ತಾಯಿತು.

ಮೆಕ್ಸಿಕೊ ಮತ್ತು ಪೆರುವಿನ ಜನ ಈ ಬಳಗದಲ್ಲಿ ಒಂದನ್ನು, ಡ್ಯಾಕ್ಟಿಲೋಪಿಯಸ್ ಕಾಕಸ್ ಎಂಬುದನ್ನು, ಬಣ್ಣಕ್ಕಾಗಿ ಶತಮಾನಗಳ ಕಾಲ ಸಾಕಿದರು. ಒಣಗಿದ ಹೆಣ್ಣಿನ ತೂಕದ ಐದನೆಯ ಒಂದು ಭಾಗದಷ್ಟು ಬಣ್ಣವೇ ಇರುತ್ತದೆ. ಒಂದು ಪೌಂಡ್ ಸರಕಿಗೆ ಸುಮಾರು 70 ಸಾವಿರ ಕೀಟಗಳು ಬೇಕು. ತಿನಿಸಿನ ಪೊಟ್ಟಣದ ಮೇಲೆ ಕಾಣುವ ಇ120 ಎಂಬ ಸಂಕೇತ ಇದೇ ಬಣ್ಣದ್ದು. ಕನ್ನಡದಲ್ಲಿ ನಾವು ‘ಕಿರಮಂಜಿ’ ಎನ್ನುವ ಕೆಂಪಿಗೂ ‘ಕೃಮಿ’ ಎಂಬ ಮಾತಿಗೂ ನೆಂಟಸ್ತಿಕೆಯಿದೆ. ಹುಳುವಿನಿಂದ ಬಂದ ಬಣ್ಣ ಎಂಬ ಅರಿವು ಆ ಪದದೊಳಗೇ ಉಳಿದುಕೊಂಡಿದೆ.

ಸಾಕಿದ ಡ್ಯಾಕ್ಟಿಲೋಪಿಯಸ್ ಕಾಕಸ್‌ನ ಮೈಮೇಲಿನ ಮೇಣ ಪುಡಿಯಂತಿರುತ್ತದೆ. ಕಾಡು ಬಗೆಗಳದು ಬಿಡಿಸಲು ಬಾರದ ಹತ್ತಿ ಉಂಡೆ. ನಮ್ಮ ಬಯಲುಸೀಮೆಯ ಬೇಲಿಗಳಲ್ಲಿ ಕಾಣುವುದು ಹತ್ತಿಯ ಬಗೆಯೇ.

ಎಲ್ಲ ಕಳ್ಳಿಯ ಮೇಲೂ ಇದು ಬರುತ್ತದೆಯೇ?

ಇಲ್ಲಿ ನಮ್ಮ ಭಾಷೆ ಸ್ವಲ್ಪ ತೊಡಕು ಮಾಡುತ್ತದೆ. ಮುಳ್ಳಿರುವ, ದಪ್ಪ ಕಾಂಡದ ಗಿಡವನ್ನೆಲ್ಲ ನಾವು ಕಳ್ಳಿ ಎನ್ನುತ್ತೇವೆ. ಬೇಲಿಯಲ್ಲಿ ಪಾಪಾಸುಕಳ್ಳಿಯ ಪಕ್ಕದಲ್ಲೇ ನಿಂತ, ಚಿವುಟಿದರೆ ಹಾಲು ಸುರಿಸುವ ಕಳ್ಳಿಗಳು ಯೂಫೋರ್ಬಿಯಾ ಕುಲದವು. ಅವುಗಳಿಗೂ ಪಾಪಾಸುಕಳ್ಳಿಗೂ ಸಂಬಂಧವೇ ಇಲ್ಲ. ನಿಜವಾದ ಕ್ಯಾಕ್ಟಸ್‌ನಲ್ಲಿ ಮುಳ್ಳುಗಳು ಒಂದು ಪುಟ್ಟ ಮೆತ್ತೆಯಿಂದ ಗೊಂಚಲಾಗಿ ಹೊರಡುತ್ತವೆ. ಆ ಮೆತ್ತೆಯನ್ನು ನೋಡಿದರೆ ಸಾಕು, ಗುರುತು ಸಿಕ್ಕಿತು.

ಡ್ಯಾಕ್ಟಿಲೋಪಿಯಸ್ ಬದುಕುವುದು ಕ್ಯಾಕ್ಟಸ್ ಕುಟುಂಬದ ಗಿಡಗಳ ಮೇಲೆ. ಅದರಲ್ಲೂ ಚಪ್ಪಟೆ ಕಾಂಡದ ಒಪುನ್ಷಿಯಾ ಮತ್ತು ಅದರ ಹತ್ತಿರದ ಸಂಬಂಧಿಗಳ ಮೇಲೆ ಹೆಚ್ಚು. ನಾವು ಪಾಪಾಸುಕಳ್ಳಿಯ ಎಲೆ ಎನ್ನುವುದು ಎಲೆಯಲ್ಲ, ಆ ಚಪ್ಪಟೆ ಕಾಂಡವೇ. ಆದ್ದರಿಂದ ಮಾದರಿಯ ಚೀಟಿಯಲ್ಲಿ ‘ಕಳ್ಳಿ’ ಎಂದಷ್ಟೇ ಬರೆದರೆ ಏನೂ ಬರೆದಂತಾಗಲಿಲ್ಲ. ನನ್ನ ಮೊದಲ ಸಂಗ್ರಹದ ನಾಲ್ಕು ಶೀಶೆಗಳಲ್ಲಿ ಹಾಗೆಯೇ ಬರೆದಿದ್ದೆ. ಕೀಟಗಳು ಇಂದಿಗೂ ಚೆನ್ನಾಗಿವೆ. ಅವು ಯಾವ ಗಿಡದ ರಸ ಕುಡಿದು ಬೆಳೆದವೋ ತಿಳಿಯುವ ದಾರಿ ಇಲ್ಲ, ಹಾಗಾಗಿ ಅವುಗಳಿಂದ ಉಪಯೋಗವೂ ಇಲ್ಲ.

ನಾನು ಕಂಡದ್ದು ಹೊಸ ಪ್ರಭೇದವಾಗಿರಬಹುದೇ?

ಭಾರತದಲ್ಲಿ ಕ್ಯಾಕ್ಟಸ್ ಮೇಲೆ ಕಂಡದ್ದಾದರೆ ಸಾಧ್ಯತೆ ಕಡಿಮೆ. ಕಾರಣ ಸರಳ. ಕ್ಯಾಕ್ಟಸ್ ಕುಟುಂಬದ ತವರು ಅಮೆರಿಕ ಖಂಡಗಳು. ರಿಪ್ಸಾಲಿಸ್ ಬ್ಯಾಸಿಫೆರಾ ಎಂಬ ಒಂದೇ ಒಂದು ಬಗೆ ಆಫ್ರಿಕಾ, ಶ್ರೀಲಂಕಾಗಳಲ್ಲಿ ತಾನಾಗಿ ಬೆಳೆಯುತ್ತದೆ. ಉಳಿದ ಕಳ್ಳಿಗಳು ಹಡಗು ಹತ್ತಿ ಬಂದವು, ಅವುಗಳ ಮೇಲಷ್ಟೇ ಬದುಕುವ ಕೀಟಗಳೂ ಹಾಗೆಯೇ ಬಂದವು. ಇಲ್ಲಿ ಹೊಸದೆಂದು ಕಂಡದ್ದಕ್ಕೆ ಮೆಕ್ಸಿಕೊದಲ್ಲೋ ಅರ್ಜೆಂಟೀನಾದಲ್ಲೋ ಆಗಲೇ ಹೆಸರು ಬಿದ್ದಿರುವ ಸಂಭವ ಹೆಚ್ಚು. ಹೋಲಿಸದೆ ಹೆಸರಿಟ್ಟರೆ ಒಂದೇ ಕೀಟಕ್ಕೆ ಎರಡನೆಯ ಹೆಸರು ಅಂಟುತ್ತದೆ, ಮುಂದಿನವರು ಅದನ್ನು ಕಿತ್ತು ಹಾಕುವ ಕೆಲಸದಲ್ಲಿ ವರ್ಷಗಟ್ಟಲೆ ಕಳೆಯುತ್ತಾರೆ.

ಹಾಗೆಂದು ಹೊಸತು ಸಿಗುವುದೇ ಇಲ್ಲ ಎಂದಲ್ಲ. ನಾಲ್ಕೈದು ಶತಮಾನಗಳಿಂದ ಇಡೀ ಜಗತ್ತು ವ್ಯಾಪಾರ ಮಾಡಿಕೊಂಡು ಬಂದ ಕೊಚಿನಿಯಲ್ ಬಳಗದಲ್ಲೇ 2012ರಲ್ಲಿ ಹೊಸ ಪ್ರಭೇದವೊಂದು ಪ್ರಕಟವಾಯಿತು. ಅಮೆರಿಕದ ಟೆಕ್ಸಸ್ ರಾಜ್ಯಕ್ಕೆ ಸೇರಿದ ಚಿವಾವಾ ಮರುಭೂಮಿಯಿಂದ ವ್ಯಾನ್ ಡ್ಯಾಮ್ ಮತ್ತು ಮೇ ಎಂಬ ಇಬ್ಬರು ಅದನ್ನು ವರ್ಣಿಸಿ ಡ್ಯಾಕ್ಟಿಲೋಪಿಯಸ್ ಗ್ರಾಸಿಲಿಪೈಲಸ್ ಎಂದು ಕರೆದರು. ಲ್ಯಾಟಿನ್‌ನಲ್ಲಿ ಗ್ರಾಸಿಲಿಸ್ ಎಂದರೆ ಸಣಕಲು, ಪೈಲಸ್ ಎಂದರೆ ಕೂದಲು. ಗುರುತಿನ ಲಕ್ಷಣವೇ ಹೆಸರಾಯಿತು. ಅದರೊಂದಿಗೆ ಈ ಕುಲದಲ್ಲಿ ಹೆಸರು ಪಡೆದ ಪ್ರಭೇದಗಳು ಹನ್ನೊಂದಾದವು.

ಇಷ್ಟು ಪ್ರಸಿದ್ಧ ಕೀಟಗಳಲ್ಲೂ ಗೊಂದಲ ಯಾಕೆ?

ಹೊರಗಿನಿಂದ ಎಲ್ಲವೂ ಒಂದೇ ಥರ ಕಾಣುತ್ತವೆ, ಅದಕ್ಕೆ. ಒಣಗಿದ ಕೊಚಿನಿಯಲ್ ಬೀಜವೋ ಕಾಯಿಯೋ ಹುಳುವೋ ಎಂಬುದೇ ಯುರೋಪಿನಲ್ಲಿ ಬಹುಕಾಲ ಇತ್ಯರ್ಥವಾಗಿರಲಿಲ್ಲ. ಸೂಕ್ಷ್ಮದರ್ಶಕದ ಲೇವನ್‌ಹುಕ್ ಕೂಡ ಮೊದಲು ಬೀಜವಿರಬಹುದೆಂದು ಭಾವಿಸಿ, ಆಮೇಲೆ ಬಿಡಿಸಿ ನೋಡಿ ಕೀಟವೆಂದು ಒಪ್ಪಿದವನು.

ಜೀವಿಗಳಿಗೆ ಎರಡು ಪದದ ಹೆಸರಿಡುವ ಪದ್ಧತಿ ತಂದ ಸ್ವೀಡನ್ನಿನ ಲಿನೇಯಸ್‌ನ ಕಥೆ ಇನ್ನೂ ಸಂಕಟದ್ದು. ಅವನ ಶಿಷ್ಯ ಡೇನಿಯಲ್ ರೋಲಾಂಡರ್ ಸುರಿನಾಮ್‌ನಿಂದ ಜೀವಂತ ಕೊಚಿನಿಯಲ್ ಇದ್ದ ಕಳ್ಳಿ ಗಿಡ ಕಳಿಸಿದ. ಗಿಡ ಉಪ್ಸಾಲಾದ ತೋಟಕ್ಕೆ ತಲುಪಿದಾಗ ಲಿನೇಯಸ್ ಪಾಠದಲ್ಲಿದ್ದ. ಗಿಡಕ್ಕೆ ಹುಳು ಹತ್ತಿದೆ ಎಂದುಕೊಂಡ ತೋಟಗಾರ ಅಷ್ಟನ್ನೂ ನೀಟಾಗಿ ತೊಳೆದುಬಿಟ್ಟ. ಮುಂದೆ 1758ರಲ್ಲಿ ಲಿನೇಯಸ್ ಕಾಕಸ್ ಕ್ಯಾಕ್ಟಿ ಎಂಬ ಹೆಸರನ್ನು ಪ್ರಕಟಿಸಿದ. ಎರಡು ಶತಮಾನ ಜಗತ್ತು ಅದನ್ನೇ ಕೊಚಿನಿಯಲ್‌ನ ಹೆಸರೆಂದು ಬಳಸಿತು. ಅವನ ಮಾದರಿಯನ್ನು ಮರಳಿ ಪರೀಕ್ಷಿಸಿದಾಗ ಅದು ಬೇರೊಂದು ಕುಟುಂಬದ ಶಲ್ಕ ಕೀಟವೆಂದು ತಿಳಿಯಿತು. ಈಗ ಅದು ಪ್ರೊಟಾರ್ಟೋನಿಯಾ ಕ್ಯಾಕ್ಟಿ. ಕೊಚಿನಿಯಲ್ ಬಳಗದ ಹೆಸರುಗಳನ್ನು ಒಂದು ಹದಕ್ಕೆ ತಂದದ್ದು 1974ರಲ್ಲಿ ಡಿ ಲೊಟ್ಟೊ ಪ್ರಕಟಿಸಿದ ಪರಿಷ್ಕರಣೆ. ಸಂಗ್ರಹಾಲಯದಲ್ಲಿ ಮೂಲ ಮಾದರಿಯನ್ನು ಯಾರೋ ಜೋಪಾನ ಮಾಡಿದ್ದರಿಂದಲೇ ತಪ್ಪು ಬಯಲಾಯಿತು.

ಹೆಸರು ತಪ್ಪಾದರೆ ಅಂಥ ನಷ್ಟವೇನು?

ಇದಕ್ಕೆ ಉತ್ತರ ದಕ್ಷಿಣ ಭಾರತದ ನೆಲದಲ್ಲೇ ಇದೆ, ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಹದಿನೆಂಟನೆಯ ಶತಮಾನದಲ್ಲಿ ಕೊಚಿನಿಯಲ್ ವ್ಯಾಪಾರ ಸ್ಪೇನಿನ ಮುಷ್ಟಿಯಲ್ಲಿತ್ತು. ಈಸ್ಟ್ ಇಂಡಿಯಾ ಕಂಪನಿಗೆ ಅದು ಬೇಕಿತ್ತು. ಮದರಾಸಿನ ವೈದ್ಯ ಜೇಮ್ಸ್ ಆಂಡರ್‌ಸನ್ 1786ರಲ್ಲಿ ಅಲ್ಲಿನ ಹುಲ್ಲಿನ ಮೇಲೆ ಒಂದು ಶಲ್ಕ ಕೀಟವನ್ನು ಕಂಡು, ಕೊಚಿನಿಯಲ್ಲೇ ಸಿಕ್ಕಿತೆಂಬ ಭರವಸೆಯಲ್ಲಿ ಲಂಡನ್ನಿನ ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸ್‌ಗೆ ಪತ್ರಗಳನ್ನು ಬರೆದ. ಬಣ್ಣಕ್ಕೆ ಅದು ಒದಗಲಿಲ್ಲ. ಆದರೂ ಸೈದಾಪೇಟೆಯಲ್ಲಿ ಕಳ್ಳಿಯ ತೋಟವೇ ಎದ್ದಿತು.

1795ರಲ್ಲಿ ಕ್ಯಾಪ್ಟನ್ ನೀಲ್ಸನ್ ಎಂಬಾತ ಬ್ರೆಜಿಲ್‌ನ ರಿಯೊ ಡಿ ಜನೈರೊದಿಂದ ಕೀಟ ಹತ್ತಿದ ಕಳ್ಳಿಯನ್ನು ಕಲ್ಕತ್ತೆಗೆ ತಂದ. ಬಣ್ಣದ ಕಾಕಸ್ ಎಂದೇ ಎಲ್ಲರೂ ನಂಬಿದರು. ಅದು ಬೇರೆ ಪ್ರಭೇದ, ಇಂದು ನಾವು ಡ್ಯಾಕ್ಟಿಲೋಪಿಯಸ್ ಸೈಲೋನಿಕಸ್ ಎನ್ನುವುದು. ಬಣ್ಣದ ಉದ್ಯಮ ನೆಲ ಕಚ್ಚಿತು. ಆದರೆ ಆ ಕೀಟ ಒಪುನ್ಷಿಯಾ ಮೊನಕ್ಯಾಂಥಾ ಎಂಬ ಕಳ್ಳಿಯನ್ನು ಎಲ್ಲೆಂದರಲ್ಲಿ ಒಣಗಿಸಿ ಹಾಕಿತು. ಅದನ್ನು ಕಂಡು 1836ರಿಂದ 1838ರ ನಡುವೆ ಬೇಕೆಂದೇ ದಕ್ಷಿಣ ಭಾರತಕ್ಕೆ, 1860ರ ದಶಕದಲ್ಲಿ ಸಿಲೋನಿಗೆ ಒಯ್ದರು. ಕಳೆಯ ವಿರುದ್ಧ ಕೀಟವನ್ನು ಬಳಸಿ ಗೆದ್ದ ಮೊದಲ ಪ್ರಯೋಗ ಎಂದು ಜಗತ್ತಿನ ಪಠ್ಯಪುಸ್ತಕಗಳು ಇದನ್ನೇ ಹೇಳುತ್ತವೆ. ಆ ಗೆಲುವಿನ ಹಿಂದೆ ಇದ್ದದ್ದು ಒಂದು ತಪ್ಪು ಗುರುತು.

ಇನ್ನೊಂದು ಕಳ್ಳಿ, ಒಪುನ್ಷಿಯಾ ಡಿಲೆನಿ, ಈ ಕೀಟಕ್ಕೆ ಜಗ್ಗಲಿಲ್ಲ. ಹೊಲ, ಗೋಮಾಳ, ಕೆರೆದಂಡೆಗಳನ್ನು ಅದು ನುಂಗುತ್ತಲೇ ಹೋಯಿತು. ಅದಕ್ಕೆ ತಕ್ಕ ಕೀಟ ಡ್ಯಾಕ್ಟಿಲೋಪಿಯಸ್ ಒಪುನ್ಷಿಯೇ. ಅದು ಶ್ರೀಲಂಕಾದ ಮೂಲಕ ದಕ್ಷಿಣ ಭಾರತಕ್ಕೆ ಬಂದದ್ದು 1926ರಲ್ಲಿ, ಅಂದರೆ ಮೊದಲ ಕೀಟ ಬಂದು 131 ವರ್ಷಗಳಾದ ಮೇಲೆ. ಕೆಲವೇ ವರ್ಷಗಳಲ್ಲಿ ನೆಲ ತೆರವಾಯಿತು. ಎರಡೂ ಕೀಟ ಬಿಳಿ ಹತ್ತಿ, ಎರಡನ್ನೂ ಒತ್ತಿದರೆ ಕೆಂಪು. ಬೇರೆ ಬೇರೆ ಎಂದು ತಿಳಿದವರಿಗೆ ಮಾತ್ರ ಎರಡನೆಯದನ್ನು ಹುಡುಕಬೇಕೆಂದು ಹೊಳೆಯುತ್ತದೆ.

‘ಸೈಲೋನಿಕಸ್’ ಎಂದರೆ ಸಿಲೋನಿನದು. ಕೀಟ ದಕ್ಷಿಣ ಅಮೆರಿಕದ್ದಾದರೆ ಹೆಸರನ್ನು ತಿದ್ದಬಾರದೇ?

ತಿದ್ದುವಂತಿಲ್ಲ. 1896ರಲ್ಲಿ ಎಡ್ವರ್ಡ್ ಅರ್ನೆಸ್ಟ್ ಗ್ರೀನ್ ಸಿಲೋನಿನಲ್ಲಿ ಸಿಕ್ಕ ಕೀಟಕ್ಕೆ ಆ ಹೆಸರು ಕೊಟ್ಟ. ಅದು ವಲಸೆ ಬಂದದ್ದೆಂಬುದು ಆಮೇಲಿನ ಮಾತು. ನಿಯಮದ ಪ್ರಕಾರ ಮೊದಲು ಸರಿಯಾಗಿ ಪ್ರಕಟವಾದ ಹೆಸರಿಗೇ ಆದ್ಯತೆ, ಅರ್ಥ ಹೊಂದಲಿ ಬಿಡಲಿ. ಊರಿನ ಹೆಸರಿಡುವ ಆಸೆ ಎಲ್ಲರಿಗೂ ಇರುತ್ತದೆ. ವಲಸೆ ಗಿಡದ ಮೇಲಿನ ಕೀಟಕ್ಕೆ ಊರ ಹೆಸರು ಕೊಡುವ ಮೊದಲು ಗ್ರೀನ್‌ನನ್ನು ನೆನೆಯಿರಿ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತೇನೆ.

ಒಳ್ಳೆಯ ಕ್ಯಾಮೆರಾ ಇದೆ. ಫೋಟೊದಿಂದಲೇ ಗುರುತಿಸಬಹುದಲ್ಲ?

ಕುಲವನ್ನು ಊಹಿಸಬಹುದು, ಪ್ರಭೇದವನ್ನಲ್ಲ. ಗುರುತಿನ ಲಕ್ಷಣಗಳೆಲ್ಲ ಮೇಣದ ಕೆಳಗೆ, ಚರ್ಮದ ಮೇಲೆ ಇವೆ. ಅವನ್ನು ನೋಡಬೇಕಾದರೆ ಬೆಳೆದ ಹೆಣ್ಣನ್ನು ಸ್ಲೈಡ್ ಮಾಡಲೇಬೇಕು. ಗಂಡಿಗೆ ಒಂದು ಜೊತೆ ರೆಕ್ಕೆ, ಬಾಲದಲ್ಲಿ ಎರಡು ಉದ್ದನೆಯ ಮೇಣದ ಎಳೆ ಇರುತ್ತವೆ, ಬಾಯಿ ಇಲ್ಲ. ಕೆಲವೇ ದಿನ ಬದುಕುತ್ತದೆ, ಕೈಗೆ ಸಿಗುವುದೂ ಅಪರೂಪ. ಹಾಗಾಗಿ ಈ ಬಳಗದ ವರ್ಗೀಕರಣವೆಲ್ಲ ಹೆಣ್ಣಿನ ಮೇಲೆ ನಿಂತಿದೆ.

ಸ್ಲೈಡ್ ಮಾಡುವುದು ಹೇಗೆ?

ಆಲ್ಕೊಹಾಲ್‌ನಲ್ಲಿಟ್ಟ ಹೆಣ್ಣನ್ನು ತೆಗೆದು, ಸಣ್ಣ ಕುಂಚದಿಂದ ಮೇಣವನ್ನು ಸರಿಸಬೇಕು. ಒಳಗೆ ಕಡಲೆಬೇಳೆಗಿಂತ ಸಣ್ಣ, ಮಾಸಲು ಕೆಂಪಿನ ಉಬ್ಬಿದ ದೇಹ ಸಿಗುತ್ತದೆ. ಗುರುತಿನ ರಂಧ್ರಗಳಿಗೆ ತಾಗದಂತೆ ಸೂಜಿಯ ಮೊನೆಯಿಂದ ಒಂದು ಕಡೆ ಚುಚ್ಚಿ, ನೂರಕ್ಕೆ ಹತ್ತರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಬಿಡಬೇಕು. ಆ ಗಳಿಗೆಯನ್ನು ನಾನು ಎಷ್ಟು ಸಲ ಕಂಡಿದ್ದರೂ ಕಣ್ಣು ಕೀಳಲಾರೆ. ಚುಚ್ಚಿದ ಜಾಗದಿಂದ ಕೆಂಪು ಎಳೆ ಹೊರಟು, ಕ್ಷಾರಕ್ಕೆ ಸೋಕುತ್ತಲೇ ನೇರಳೆಯಾಗಿ, ಬಟ್ಟಲಿನ ತಳದಲ್ಲಿ ಮಂಜಿನಂತೆ ಹಬ್ಬುತ್ತದೆ. ದ್ರಾವಣವನ್ನು ಮೂರು ನಾಲ್ಕು ಬಾರಿ ಬದಲಿಸಿದರೂ ಬಣ್ಣ ಬರುತ್ತಲೇ ಇರುತ್ತದೆ. ಬೆಚ್ಚಗೆ ಇಟ್ಟರೆ ಬೇಗ ಆಗುತ್ತದೆ. ನನಗೆ ಆತುರವಿಲ್ಲದಿದ್ದರೆ ರಾತ್ರಿಯಿಡೀ ತಣ್ಣಗೇ ಬಿಡುತ್ತೇನೆ. ಕುದಿಸಿದ ಚರ್ಮ ಹರಿಯುತ್ತದೆ.

ಒಳಗಿನದೆಲ್ಲ ಕರಗಿದ ಮೇಲೆ ಚಪ್ಪಟೆ ಸಲಾಕೆಯಿಂದ ಮೆಲ್ಲಗೆ ಒತ್ತಿ ತಳ್ಳಿದರೆ ಉಳಿಯುವುದು ಖಾಲಿ ಚರ್ಮ, ಗಾಜಿನಷ್ಟು ತಿಳಿ. ಅಷ್ಟು ತಿಳಿಯಾದರೆ ಏನೂ ಕಾಣುವುದಿಲ್ಲ, ಆದ್ದರಿಂದ ಆಸಿಡ್ ಫುಕ್ಸಿನ್ ಎಂಬ ಬಣ್ಣದಲ್ಲಿ ಅದ್ದುತ್ತೇವೆ. ಇಷ್ಟು ಕಷ್ಟಪಟ್ಟು ಕೆಂಪನ್ನು ತೆಗೆದು ಮತ್ತೆ ಕೆಂಪನ್ನೇ ತುಂಬಿದಂತೆ ತೋರುತ್ತದೆ. ಈ ಕೆಂಪು ಮಾತ್ರ ಚರ್ಮಕ್ಕಷ್ಟೇ ಹತ್ತುತ್ತದೆ. ಬಳಿಕ ಆಲ್ಕೊಹಾಲ್‌ನ ಹಂತಗಳಲ್ಲಿ ನೀರನ್ನು ತೆಗೆದು, ಲವಂಗದ ಎಣ್ಣೆಯಲ್ಲಿಟ್ಟು, ಕೆನಡಾ ಬಾಲ್ಸಮ್ ಹನಿಯ ಮೇಲೆ ಬೆನ್ನು ಮೇಲಾಗಿ ಮಲಗಿಸಿ ಕವರ್ ಸ್ಲಿಪ್ ಮುಚ್ಚಬೇಕು. ಒಣಗಲು ವಾರಗಟ್ಟಲೆ ಬೇಕು. ಹಾಗೆ ಮಾಡಿದ ಸ್ಲೈಡ್ ನೂರು ವರ್ಷದ ನಂತರವೂ ಓದಲು ಸಿಗುತ್ತದೆ.

ಮೊದಲ ಹತ್ತು ಕೆಡುತ್ತವೆ. ಸಾಕಷ್ಟು ಹೆಣ್ಣುಗಳನ್ನು ಸಂಗ್ರಹಿಸಿ ಎನ್ನುವುದು ಇದಕ್ಕೇ.

ಸೂಕ್ಷ್ಮದರ್ಶಕದಲ್ಲಿ ಏನನ್ನು ಹುಡುಕಬೇಕು?

ಡ್ಯಾಕ್ಟಿಲೋಪಿಯಸ್‌ನಲ್ಲಿ ಎರಡು ವಿಷಯ ಮುಖ್ಯ. ಒಂದು, ಮೇಣ ಒಸರುವ ರಂಧ್ರಗಳು. ಒಂದೊಂದರಲ್ಲೂ ಐದು ಕೋಣೆಗಳು, ಚಿಕ್ಕ ಹೂವಿನಂತೆ. ಕೆಲವಕ್ಕೆ ಅಗಲ ಅಂಚು, ಕೆಲವಕ್ಕೆ ಕಿರಿದಾದ ಅಂಚು. ಗುಂಪಿನಲ್ಲಿ ಎಷ್ಟಿವೆ, ಗುಂಪು ಮೈಯ ಯಾವ ಭಾಗದಲ್ಲಿದೆ, ಜೊತೆಗೆ ನಾಳಗಳಿವೆಯೇ ಎಂಬುದನ್ನು ಎಣಿಸಬೇಕು. ಎರಡು, ಕೂದಲುಗಳು. ಈ ಕುಲದಲ್ಲಿ ತುದಿ ಕತ್ತರಿಸಿದಂತೆ ಮೊಂಡಾದ ದಪ್ಪ ಕೂದಲುಗಳಿರುತ್ತವೆ. ಅವುಗಳ ಉದ್ದ, ದಪ್ಪ, ಸಾಂದ್ರತೆ ಪ್ರಭೇದದಿಂದ ಪ್ರಭೇದಕ್ಕೆ ಬೇರೆ. ಟೆಕ್ಸಸ್‌ನ ಗ್ರಾಸಿಲಿಪೈಲಸ್ ಹೆಸರು ಯಾಕೆ ಬಂತೆಂದು ಈಗ ತಿಳಿದಿರಬೇಕು.

ಒಂದೇ ಹೆಣ್ಣನ್ನು ಅಳೆದು ತೀರ್ಮಾನಕ್ಕೆ ಬರಬೇಡಿ. ಗಿಡ ಬಡವಾದರೆ ಕೀಟವೂ ಚಿಕ್ಕದಾಗುತ್ತದೆ. ಒಂದೇ ಜಾಗದ ಹಲವು ಹೆಣ್ಣುಗಳನ್ನು, ಸಾಧ್ಯವಾದರೆ ಹಲವು ಜಾಗಗಳವನ್ನು, ಅಳೆದಾಗ ಮಾತ್ರ ವ್ಯತ್ಯಾಸ ಪ್ರಭೇದದ್ದೋ ಬಡತನದ್ದೋ ತಿಳಿಯುತ್ತದೆ.

ಡಿಎನ್‌ಎ ಮಾಡಿಸಿದರೆ ಇಷ್ಟೆಲ್ಲ ಬೇಕೇ?

ಬೇಕು. ಡಿಎನ್‌ಎ ಒಳ್ಳೆಯ ಸಾಕ್ಷಿ, ನಾನೂ ಬಳಸುತ್ತೇನೆ. ಆದರೆ ನೂರು ವರ್ಷದ ಹಿಂದೆ ಕ್ಷಾರದಲ್ಲಿ ಬೇಯಿಸಿದ ಮೂಲ ಮಾದರಿಯಿಂದ ಡಿಎನ್‌ಎ ಸಿಗುವುದು ಕಷ್ಟ, ಹೋಲಿಸುವುದು ಅದರೊಂದಿಗೇ. ಅಲ್ಲಿ ಕೂದಲು, ರಂಧ್ರಗಳೇ ಮಾತಾಡಬೇಕು. ಎರಡೂ ಕೆಲಸಕ್ಕೆ ಒಂದೇ ಕೀಟವನ್ನು ಬಳಸಬಹುದು. ಡಿಎನ್‌ಎ ತೆಗೆದ ಮೇಲೆ ಉಳಿಯುವ ಚರ್ಮವನ್ನು ಸ್ಲೈಡ್ ಮಾಡಿಟ್ಟರೆ ಸಾಕ್ಷಿ ಎರಡಾಗುತ್ತದೆ.

ಮೈ ಒಂದೇ ಥರ, ಬದುಕು ಬೇರೆ ಎಂಬ ಪರಿಸ್ಥಿತಿಯೂ ಇದೆ. ಡ್ಯಾಕ್ಟಿಲೋಪಿಯಸ್ ಒಪುನ್ಷಿಯೇಯಲ್ಲೇ ಒಂದು ಬಗೆ ಒಪುನ್ಷಿಯಾ ಸ್ಟ್ರಿಕ್ಟಾ ಮೇಲೆ ಚೆನ್ನಾಗಿ ಬದುಕುತ್ತದೆ, ಇನ್ನೊಂದು ಹಣ್ಣಿನ ಕಳ್ಳಿಯಾದ ಒಪುನ್ಷಿಯಾ ಫೈಕಸ್ ಇಂಡಿಕಾ ಮೇಲೆ. ದಕ್ಷಿಣ ಆಫ್ರಿಕಾದಲ್ಲಿ ಇದು ಸ್ಪಷ್ಟವಾದ ಮೇಲೆ ತಕ್ಕ ಬಗೆಯನ್ನು ಆರಿಸಿ ಕಳೆಯ ಮೇಲೆ ಬಿಟ್ಟರು. ಕೀನ್ಯಾದ ಲೈಕಿಪಿಯಾದಲ್ಲೂ 2014ರಲ್ಲಿ ಸ್ಟ್ರಿಕ್ಟಾ ಬಗೆಯನ್ನು ಬಿಡಲಾಯಿತು. ಅದೇ ವರ್ಷ ಮೊರೊಕ್ಕೊದಲ್ಲಿ ಇದೇ ಪ್ರಭೇದ ಹಣ್ಣಿನ ಕಳ್ಳಿಯ ಮೇಲೆ ಕಾಣಿಸಿಕೊಂಡು ರೈತರ ಬೇಲಿ, ಮೇವು, ಹಣ್ಣು ಮೂರನ್ನೂ ಹಾಳು ಮಾಡತೊಡಗಿತು. ಇವಕ್ಕೆ ಬೇರೆ ಬೇರೆ ಪ್ರಭೇದದ ಹೆಸರು ಕೊಟ್ಟಿಲ್ಲ, ಬಗೆಗಳೆಂದೇ ಕರೆಯುತ್ತಾರೆ. ವ್ಯತ್ಯಾಸ ಕಂಡ ಕೂಡಲೇ ಹೊಸ ಹೆಸರು ಕೊಡಬೇಕಿಲ್ಲ. ಕಂಡದ್ದನ್ನು ಬರೆದಿಡಲೇಬೇಕು.

ಹೊಸದೇ ಎಂದು ಖಚಿತವಾದರೆ ಹೆಸರು ಮಾನ್ಯವಾಗಲು ಏನೇನು ಬೇಕು?

ಪ್ರಾಣಿಗಳ ಹೆಸರಿಗೆ ಅಂತರರಾಷ್ಟ್ರೀಯ ಸಂಹಿತೆ ಇದೆ. ಈಗ ಜಾರಿಯಲ್ಲಿರುವುದು 2000ದ ಜನವರಿ 1ರಿಂದ ಬಂದ ನಾಲ್ಕನೆಯ ಆವೃತ್ತಿ. ಅದರಂತೆ ಇದು ಹೊಸ ಪ್ರಭೇದವೆಂದು ಲೇಖನದಲ್ಲಿ ಸ್ಪಷ್ಟವಾಗಿ ಹೇಳಿರಬೇಕು. ಉಳಿದವುಗಳಿಂದ ಬೇರ್ಪಡಿಸುವ ವರ್ಣನೆ ಇರಬೇಕು. ಹೆಸರು ಲ್ಯಾಟಿನ್ ಅಕ್ಷರಗಳಲ್ಲಿರಬೇಕು, ಪದ ಕನ್ನಡದ್ದೇ ಆಗಿರಬಹುದು. ಹೋಲೋಟೈಪ್, ಅಂದರೆ ಆ ಹೆಸರನ್ನು ಹೊರುವ ಒಂದೇ ಒಂದು ಮಾದರಿ, ಯಾವುದು, ಎಲ್ಲಿಟ್ಟಿದೆ ಎಂದು ತಿಳಿಸಬೇಕು. ಲೇಖನ ಆನ್‌ಲೈನ್‌ನಲ್ಲಿ ಮಾತ್ರ ಬರುವುದಾದರೆ ಪ್ರಾಣಿಗಳ ಹೆಸರುಗಳ ಅಧಿಕೃತ ನೋಂದಣಿ ಕೋಶವಾದ ಝೂಬ್ಯಾಂಕ್‌ನಲ್ಲಿ ಮೊದಲೇ ನೋಂದಾಯಿಸಬೇಕು. ಪತ್ರಿಕೆಗೆ, ಟಿವಿಗೆ ಹೇಳಿದ ಮಾತ್ರಕ್ಕೆ ಹೆಸರು ಹುಟ್ಟುವುದಿಲ್ಲ.

ಚಿತ್ರದ ಬಗ್ಗೆ ಒಂದು ಮಾತು. ಶಲ್ಕ ಕೀಟದ ಚಿತ್ರದಲ್ಲಿ ದೇಹದ ನಡುವೆ ಒಂದು ಗೆರೆ. ಎಡ ಅರ್ಧದಲ್ಲಿ ಬೆನ್ನು, ಬಲ ಅರ್ಧದಲ್ಲಿ ಹೊಟ್ಟೆ. ಸುತ್ತಲೂ ರಂಧ್ರ, ಕೂದಲುಗಳ ಹಿಗ್ಗಿಸಿದ ಚಿತ್ರಗಳು. ಒಂದು ಚಿತ್ರಕ್ಕೆ ವಾರ ಹಿಡಿದರೂ ಆಶ್ಚರ್ಯವಿಲ್ಲ. ಆದರೆ ಒಂದೊಂದೇ ಕೂದಲನ್ನು ಬಿಡಿಸುವಾಗ ಕಣ್ಣು ಕಾಣುವಷ್ಟನ್ನು ಬರೀ ನೋಡಿದಾಗ ಕಾಣುವುದಿಲ್ಲ. ಕೈಯಿಂದ ಬಿಡಿಸುವ ಈ ಅಭ್ಯಾಸ ತಪ್ಪಿಹೋಗಬಾರದೆಂಬುದು ನನ್ನ ಆಸೆ.

ಭಾರತದ ಕಾನೂನು ಏನು ಹೇಳುತ್ತದೆ?

2002ರ ಜೀವವೈವಿಧ್ಯ ಕಾಯ್ದೆಯ 39ನೆಯ ಸೆಕ್ಷನ್ ಪ್ರಕಾರ, ಯಾರೇ ಹೊಸ ಜೀವಿಯನ್ನು ಪತ್ತೆ ಮಾಡಿದರೂ ನಿಗದಿತ ಭಂಡಾರಕ್ಕೆ ತಿಳಿಸಿ, ಮಾದರಿಯನ್ನು ಅಲ್ಲಿ ಒಪ್ಪಿಸಬೇಕು. ಕೃಷಿಗೆ ಸಂಬಂಧಿಸಿದ ಕೀಟಗಳಿಗೆ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ, ಪ್ರಾಣಿಗಳಿಗೆ ಕೋಲ್ಕತ್ತದ ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆ ಇವೆ. ವಿದೇಶದ ತಜ್ಞರಿಗೆ ಮಾದರಿ ಅಂಚೆಯಲ್ಲಿ ಕಳಿಸುವ ಮುನ್ನ ನಿಯಮ ವಿಚಾರಿಸಿ. ಕಾಡಿನೊಳಗೆ ಸಂಗ್ರಹಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು.

ಡ್ರ್ಯಾಗನ್ ಫ್ರೂಟ್ ತೋಟಕ್ಕೆ ಇದರಿಂದ ಅಪಾಯವಿದೆಯೇ?

ಡ್ರ್ಯಾಗನ್ ಫ್ರೂಟ್ ಕೂಡ ಕ್ಯಾಕ್ಟಸ್ ಕುಟುಂಬದ್ದೇ, ಆದ್ದರಿಂದ ಪ್ರಶ್ನೆ ಸರಿಯಾಗಿದೆ. ಅದರ ಮೇಲೆ ಚಿಪ್ಪಿನ ಶಲ್ಕ ಕೀಟ, ಹಿಟ್ಟು ತಿಗಣೆಗಳನ್ನು ನಿರೀಕ್ಷಿಸಬಹುದು. ಕೀಟ ಬರುವ ದೊಡ್ಡ ದಾರಿ ನಾಟಿಗೆ ತರುವ ಕಾಂಡದ ತುಂಡುಗಳು. ಬುಡ, ಏಣುಗಳ ಸಂದು, ಮುಳ್ಳಿನ ಮೆತ್ತೆಗಳನ್ನು ಭೂತಗನ್ನಡಿಯಲ್ಲಿ ನೋಡಿ ಒಳಗೆ ಬಿಡಿ. ಕಂಡದ್ದು ಅಲ್ಪವಾದರೆ ಸಾಬೂನು ನೀರಿನಲ್ಲಿ ಕುಂಚದಿಂದ ಉಜ್ಜಿದರೆ ಸಾಕು. ಹೆಚ್ಚಾದರೆ ಆ ಕಾಂಡವನ್ನು ಕತ್ತರಿಸಿ ಸುಡಿ. ಬೆಳೆಯ ಕುರಿತ ಸಲಹೆಗೆ ತುಮಕೂರು ಬಳಿಯ ಹಿರೇಹಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರವಿದೆ.

ಕೀಟ ಹತ್ತಿದ ಕಳ್ಳಿಯನ್ನು ಮನೆಗೆ ತಂದು ಸಾಕಿ ನೋಡಬಹುದೇ?

ಬೇಡ. ಆಗ ತಾನೆ ಹೊರಬಂದ ಮರಿಗಳ ಮೈಮೇಲೆ ಉದ್ದನೆಯ ಮೇಣದ ಎಳೆಗಳಿರುತ್ತವೆ, ಗಾಳಿ ಅವನ್ನು ಎತ್ತಿಕೊಂಡು ಹೋಗುತ್ತದೆ. ಪಕ್ಕದ ಮನೆಯ ಕುಂಡಗಳಿಗೆ ಇಳಿದ ಮೇಲೆ ಹಿಂದಕ್ಕೆ ಕರೆಯಲಾಗದು. ನೋಡಬೇಕಾದರೆ ಇದ್ದಲ್ಲೇ ಹೋಗಿ ನೋಡಿ.

ನಾಳೆ ಬೆಳಗ್ಗೆ ಒಂದು ಬೇಲಿಯಲ್ಲಿ ಕಂಡರೆ ಮೊದಲು ಏನು ಮಾಡಲಿ?

ಗಿಡದ ಫೋಟೊ ಮೊದಲು, ಕೀಟದ್ದು ಆಮೇಲೆ. ಇಡೀ ಗಿಡ, ಒಂದು ಚಪ್ಪಟೆ ಕಾಂಡ, ಮುಳ್ಳಿನ ಮೆತ್ತೆ, ಹೂ ಅಥವಾ ಹಣ್ಣು ಇದ್ದರೆ ಅದು, ಇಷ್ಟನ್ನೂ ತೆಗೆಯಿರಿ. ಬಳಿಕ ಚಾಕುವಿನಿಂದ ಕಾಂಡದ ಸಿಪ್ಪೆಯ ಸಮೇತ ಇಪ್ಪತ್ತು ಮೂವತ್ತು ಹೆಣ್ಣುಗಳನ್ನು ಎತ್ತಿ ಆಲ್ಕೊಹಾಲ್ ಇರುವ ಶೀಶೆಗೆ ಹಾಕಿ. ಕಿತ್ತೆಳೆದರೆ ಬಾಯಿಯ ಭಾಗ ಗಿಡದಲ್ಲೇ ಉಳಿಯುತ್ತದೆ. ಡಿಎನ್‌ಎಗೆಂದು ಕೆಲವನ್ನು ತೀಕ್ಷ್ಣ ಆಲ್ಕೊಹಾಲ್‌ನಲ್ಲಿ ಬೇರೆಯಾಗಿ ಇಡಿ. ಕೆಂಪು ಹೊರಬಂದು ದ್ರವವೆಲ್ಲ ರಂಗಾದರೆ ಗಾಬರಿ ಬೇಡ, ಮರುದಿನ ಬದಲಿಸಿದರಾಯಿತು.

ಚೀಟಿಯನ್ನು ಅಲ್ಲೇ ನಿಂತು ಬರೆಯಿರಿ, ಪೆನ್ಸಿಲ್‌ನಲ್ಲಿ. ಪೆನ್ನಿನ ಶಾಯಿ ಆಲ್ಕೊಹಾಲ್‌ನಲ್ಲಿ ಕರಗಿ ಹೋಗುತ್ತದೆ. ಊರು, ತಾಲ್ಲೂಕು, ಅಕ್ಷಾಂಶ ರೇಖಾಂಶ, ದಿನಾಂಕ, ನಿಮ್ಮ ಹೆಸರು, ಗಿಡದ ಹೆಸರು. ಗಿಡದ ಹೆಸರು ಗೊತ್ತಿಲ್ಲದಿದ್ದರೆ ‘ಚಪ್ಪಟೆ ಕಾಂಡ, ಹಾಲಿಲ್ಲ, ಹಳದಿ ಹೂ, ಒಂದು ಮೆತ್ತೆಯಲ್ಲಿ ಐದು ಮುಳ್ಳು’ ಎಂದು ಕಂಡಂತೆ ಬರೆದರೂ ಸಾಕು. ಚೀಟಿಯನ್ನು ಶೀಶೆಯ ಹೊರಗೆ ಅಂಟಿಸಬೇಡಿ, ಅಂಟು ಬಿಡುತ್ತದೆ. ಒಳಗೆ, ಕೀಟದ ಜೊತೆಗೇ ಹಾಕಿ ಮುಚ್ಚಳ ಬಿಗಿಯಿರಿ.